ಟವರ್ ಹಿಡಿದು ಇಂಪಾಸಿಬಲ್ ಗೆದ್ದೆ: ನನ್ನ ಅನುಭವ

ಹೋದ ತಿಂಗಳು ಒಂದು ಭಾನುವಾರ ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಎಂಬ ಕಂಪ್ಯೂಟರ್ ಆಟದಲ್ಲಿ ಕೊನೆಯ ಎದುರಾಳಿಯ ಕೋಟೆ ಹಿಡಿದೆ. ನಾನು ಆರಿಸಿದ ಊರು ಟವರ್, ಮಟ್ಟ ಇಂಪಾಸಿಬಲ್ (ಎಲ್ಲಕ್ಕಿಂತ ಕಷ್ಟದ್ದು), ಎದುರಿಗೆ ಕಂಪ್ಯೂಟರ್ ಆಡಿಸುವ ಏಳು ಎದುರಾಳಿಗಳು. ಎಲ್ ಗಾತ್ರದ ನಕ್ಷೆ, 108ಕ್ಕೆ 108 ಚೌಕ, ಕೆಳಗೆ ನೆಲದಡಿಯ ಪದರವೂ ಇತ್ತು. ಇದು ಆರನೇ ಪ್ರಯತ್ನ. ಮೊದಲ ಐದರ ಕಥೆಯನ್ನೂ ಹೇಳುತ್ತೇನೆ, ಏಕೆಂದರೆ ಕಲಿತದ್ದೆಲ್ಲ ಅಲ್ಲೇ.

ನಮ್ಮ ಗುಂಪಿನಲ್ಲಿ ಯಾರೂ ನಂಬಿರಲಿಲ್ಲ. ಹಾಸನದ ಗೆಳೆಯ ನೇರವಾಗಿಯೇ ಹೇಳಿದ್ದ: "ಟವರ್ ದುಡ್ಡಿರೋರ ಊರು ಮಗಾ. ಇಂಪಾಸಿಬಲ್‌ನಲ್ಲಿ ಕೈಲಿ ಕಾಸಿಲ್ಲದೆ ಟೈಟನ್ ಕಟ್ಟೋಕೆ ಹೋಗ್ತೀಯಾ? ಸುಮ್ನೆ ನೆಕ್ರೋಪೊಲಿಸ್ ತಗೊಂಡು ಅಸ್ಥಿಪಂಜರ ಎಬ್ಬಿಸ್ಕೊಂಡು ಹೋಗು." ಟೈಟನ್ ಅಂದರೆ ಟವರ್‌ನ ಅತಿ ಬಲದ, ಅತಿ ದುಬಾರಿ ಜೀವಿ. ಅದರ ವಿಷಯದಲ್ಲಿ ಅವನ ಮಾತು ಸರಿ. ಟವರ್ ವಿಷಯದಲ್ಲಿ ಮಾತ್ರ ತಪ್ಪು. ಈ ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಐದು ಸೋಲು ಬೇಕಾಯಿತು.

ಲೆಕ್ಕ ನೋಡಿ. ಇಂಪಾಸಿಬಲ್‌ನಲ್ಲಿ ಮೊದಲ ದಿನ ಖಜಾನೆ ಸೊನ್ನೆ. ವಿಲೇಜ್ ಹಾಲ್ ದಿನಕ್ಕೆ ಕೊಡುವುದು 500. ಟೌನ್ ಹಾಲ್‌ಗೆ 2500, ಸಿಟಿ ಹಾಲ್‌ಗೆ 5000, ಕ್ಯಾಪಿಟಲ್‌ಗೆ 10000. ನಡುವೆ ಟ್ಯಾವರ್ನ್, ಕಮ್ಮಾರಸಾಲೆ, ಮಾರುಕಟ್ಟೆ, ಮೇಜ್ ಗಿಲ್ಡ್, ಸಿಟಡೆಲ್, ಕ್ಯಾಸಲ್. ಕೋಟೆ ಮೊದಲೇ ಇದ್ದರೂ ಎಲ್ಲ ಸೇರಿ 29 ಸಾವಿರದ ಹತ್ತಿರ. ಇಷ್ಟು ಹಾಕಿದ ಮೇಲೆ ದಿನಕ್ಕೆ 4000 ಬರುತ್ತದೆ. ಇನ್ನೊಂದು ಕಡೆ ಟೈಟನ್ ಮನೆ: ಕ್ಲೌಡ್ ಟೆಂಪಲ್ ಅನ್ನು ಮೇಲ್ದರ್ಜೆಗೆ ಏರಿಸಲಿಕ್ಕೇ 25 ಸಾವಿರ ಚಿನ್ನ, 30 ಜೆಮ್ (ರತ್ನ). ಅಷ್ಟಾದ ಮೇಲೆ ಒಂದೊಂದು ಟೈಟನ್‌ಗೆ 5000 ಚಿನ್ನ, 2 ಜೆಮ್. ಮೊದಲ ಎರಡು ಪ್ರಯತ್ನದಲ್ಲಿ ನಾನು ಆ ಮನೆಯ ಹಿಂದೆಯೇ ಬಿದ್ದೆ. ಎರಡನೇ ತಿಂಗಳ ಕೊನೆಗೆ ಮೂರು ಟೈಟನ್ ನಿಂತಿದ್ದವು. ಊರು ಕಾಯಲು ಬೇರೆ ಏನೂ ಇರಲಿಲ್ಲ. ಸ್ಟ್ರಾಂಗ್‌ಹೋಲ್ಡ್ ಊರಿನ ಎದುರಾಳಿ ಓಗರ್ ಹಿಂಡು ಕಟ್ಟಿಕೊಂಡು ಬಂದು ಬಾಗಿಲು ಮುರಿದ.

ಅದೇ 5000ಕ್ಕೆ ಟವರ್‌ನ ಅತಿ ಅಗ್ಗದ ಜೀವಿಗಳಾದ ಮಾಸ್ಟರ್ ಗ್ರೆಮ್ಲಿನ್ 125 ಬರುತ್ತವೆ, ತಲೆಗೆ 40ರಂತೆ. ಟೈಟನ್‌ನ ಒಂದು ಏಟು 40ರಿಂದ 60. ಗ್ರೆಮ್ಲಿನ್‌ದು 1ರಿಂದ 2, ಆದರೆ 125 ಗ್ರೆಮ್ಲಿನ್ ಒಟ್ಟಿಗೆ ಹೊಡೆದರೆ ನೂರೆಂಬತ್ತರ ಆಜುಬಾಜು. ಅಷ್ಟು ಗ್ರೆಮ್ಲಿನ್ ಒಂದೇ ವಾರದಲ್ಲಿ ಹುಟ್ಟುವುದಿಲ್ಲ, ಒಪ್ಪುತ್ತೇನೆ. ವಾರಕ್ಕೆ 16, ಕ್ಯಾಸಲ್ ಕಟ್ಟಿದರೆ 32. ಆದರೆ ಟ್ಯಾವರ್ನ್‌ನಲ್ಲಿ 2500 ಕೊಟ್ಟು ತೆಗೆದುಕೊಳ್ಳುವ, ಸೈನ್ಯ ನಡೆಸುವ ಟವರ್ ನಾಯಕರಲ್ಲಿ ಹೆಚ್ಚಿನವರು ಒಂದಿಷ್ಟು ಗ್ರೆಮ್ಲಿನ್ ಹಿಡಿದುಕೊಂಡೇ ಬರುತ್ತಾರೆ. ಗೆದ್ದ ಆಟದ ಮೊದಲ ವಾರದಲ್ಲಿ ನಾನು ಮೂವರನ್ನು ತೆಗೆದುಕೊಂಡೆ. ಅದಕ್ಕೆ ದುಡ್ಡು ನಕ್ಷೆಯಲ್ಲಿ ಸಿಗುವ ಪೆಟ್ಟಿಗೆಗಳಿಂದ; ಅವುಗಳಲ್ಲಿ ಚಿನ್ನ ಅಥವಾ ಅನುಭವ ಅಂಕ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅನುಭವ ಅಂಕ ಬಿಟ್ಟು ಚಿನ್ನ ತೆಗೆದುಕೊಳ್ಳುವುದು ದಡ್ಡತನ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಇಂಪಾಸಿಬಲ್‌ನ ಮೊದಲ ಹತ್ತು ದಿನಕ್ಕೆ ಆ ಮಾತು ಹೊಂದುವುದಿಲ್ಲ. ನಾನು ಒಂದು ಪೆಟ್ಟಿಗೆಯನ್ನೂ ಅನುಭವಕ್ಕೆ ಕೊಡಲಿಲ್ಲ. ಮೂರನೇ ವಾರ ಮುಗಿಯುವಷ್ಟರಲ್ಲಿ ಕ್ಯಾಪಿಟಲ್ ಎದ್ದಿತ್ತು.

ಮುಖ್ಯ ನಾಯಕ ಸೋಲ್ಮಿರ್. ಚೈನ್ ಲೈಟ್ನಿಂಗ್ (ಗುಂಪಿನಿಂದ ಗುಂಪಿಗೆ ಜಿಗಿಯುವ ಮಿಂಚಿನ ಮಂತ್ರ) ಮೊದಲ ದಿನದಿಂದಲೇ ಇರುವ ಬೇರೆ ಯಾರನ್ನು ತರುತ್ತೀರಿ? ಮಂತ್ರಕ್ಕೆ ಖರ್ಚಾಗುವ ಮಾನಾ 30, ಮಿಂಚಿಗೆ 24. ಅಂದರೆ ದಿನಕ್ಕೊಂದೇ ಹೊಡೆತ, ಆಮೇಲೆ ಮೇಜ್ ಗಿಲ್ಡ್ ಇರುವ ಊರಿಗೆ ಮರಳಿ ರಾತ್ರಿ ಕಳೆಯಬೇಕು. ನಾಯಕನ ಮಂತ್ರಶಕ್ತಿ 2 ಇದ್ದಾಗ ಮೊದಲ ಗುಂಪಿಗೆ ಮೂಲ ಏಟು 105, ಮುಂದಿನದಕ್ಕೆ ಅದರ ಅರ್ಧ, ಆಮೇಲೆ ಅದರರ್ಧ. ಮಂತ್ರಶಕ್ತಿ ಒಂದು ಏರಿದರೆ 40 ಹೆಚ್ಚು. ಹಾಗಾಗಿ 1000 ಚಿನ್ನ ಕೇಳಿ ಮಂತ್ರಶಕ್ತಿ ಏರಿಸುವ ಸ್ಕೂಲ್ ಆಫ್ ಮ್ಯಾಜಿಕ್ ಎದುರಿಗೆ ಬಂದರೆ ಕಟ್ಟಡ ಒಂದು ದಿನ ತಡವಾದರೂ ಪರವಾಗಿಲ್ಲ, ಕೊಟ್ಟುಬಿಡುತ್ತೇನೆ.

ಇನ್ನು ಮಿಂಚಿನ ಕಾಟ. ಅದು ಹತ್ತಿರದ ಗುಂಪಿಗೆ ಜಿಗಿಯುತ್ತದೆ. ಆ ಗುಂಪು ನಿಮ್ಮದೋ ಅವರದೋ ಎಂದು ನೋಡುವುದಿಲ್ಲ. ಮೂರನೇ ಪ್ರಯತ್ನದಲ್ಲಿ ಎದುರಾಳಿಯ ಎರಡೇ ಗುಂಪು ಉಳಿದಿದ್ದಾಗ ಆತುರದಲ್ಲಿ ಮಿಂಚು ಬಿಟ್ಟೆ. ಮೂರನೇ ನೆಗೆತ ನನ್ನ ಗ್ರೆಮ್ಲಿನ್‌ಗಳ ಮೇಲೆಯೇ ಬಿತ್ತು, ಏಳೋ ಎಂಟೋ ಸತ್ತವು. ಎರಡನೇ ವಾರದಲ್ಲಿ ಎಂಟು ಗ್ರೆಮ್ಲಿನ್ ಅಂದರೆ ಅರ್ಧ ವಾರದ ಬೆಳೆ. ಪರಿಹಾರ ಊರಿನಲ್ಲೇ ಇತ್ತು: ಕಲ್ಲಿನ ಗೋಲೆಮ್‌ಗೆ ಮಂತ್ರದ ಏಟು ಅರ್ಧ ಮಾತ್ರ, ಕಬ್ಬಿಣದ್ದಕ್ಕೆ ಕಾಲು ಭಾಗ. ಅಂದಿನಿಂದ ಗೋಲೆಮ್‌ಗಳನ್ನು ಶತ್ರುವಿಗೆ ತಾಗಿಸಿ ನಿಲ್ಲಿಸುತ್ತೇನೆ, ಗ್ರೆಮ್ಲಿನ್ ದೂರದ ಮೂಲೆಯಲ್ಲಿ. ಮಿಂಚು ನಮ್ಮ ಕಡೆ ತಿರುಗಿದರೂ ಗೋಲೆಮ್ ಅದನ್ನು ನುಂಗಿಕೊಳ್ಳುತ್ತದೆ. ಸಾಲು ನಿಲ್ಲಿಸುವಾಗ ಇನ್ನೊಂದು ಸೂಕ್ಷ್ಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಕೂತು ಆಡೋಣ ಅಂದವರಿಗೆ ತೋರಿಸುತ್ತೇನೆ.

ಅದೇ ಮೂರನೇ ಪ್ರಯತ್ನದಲ್ಲಿ ಹೊಡೆದು ಓಡುವ ವಿದ್ಯೆಯನ್ನೂ ನೋಡಿದೆ. ಒಂದೇ ಗಾರ್ಗಾಯ್ಲ್ (ಟವರ್‌ನ ಹಾರುವ ಜೀವಿ) ಜೊತೆ ಹೋಗಿ, ಮಿಂಚು ಬಿಟ್ಟು, ಓಡಿ ಬಂದು, ಟ್ಯಾವರ್ನ್‌ನಲ್ಲಿ ಅವನನ್ನೇ 2500ಕ್ಕೆ ಮರಳಿ ಪಡೆಯುವುದು. ನಾಲ್ಕು ಸಲ ಮಾಡಿದೆ, 10 ಸಾವಿರ ಹೋಯಿತು, ಕ್ಯಾಪಿಟಲ್ ಅಷ್ಟು ದಿನ ಹಿಂದೆ ಬಿತ್ತು. ಶತ್ರುವಿನ ದೊಡ್ಡ ಸೈನ್ಯ ಬಾಗಿಲಿಗೆ ಬಂದಾಗ ಒಮ್ಮೆ ಮಾಡಬಹುದು. ರೂಢಿ ಮಾಡಿಕೊಂಡರೆ ಸಾಲವೇ.

ಗೆಲುವು ತಂದದ್ದು ನಡಿಗೆಯ ಲೆಕ್ಕ. ಬೆಳಗ್ಗೆ ಆಟ ಲೆಕ್ಕ ಹಾಕುವ ಹೊತ್ತಿಗೆ ನಾಯಕನ ಜೊತೆ ಇರುವ ಅತಿ ನಿಧಾನದ ಜೀವಿಯ ವೇಗಕ್ಕೆ ತಕ್ಕಂತೆ ಆ ದಿನದ ಹೆಜ್ಜೆ ಸಿಗುತ್ತದೆ. ಕಲ್ಲಿನ ಗೋಲೆಮ್ ವೇಗ 3, ಅದಿದ್ದರೆ ಹುಲ್ಲಿನ ಮೇಲೆ ನೇರ 15 ಚೌಕ. ಅಬ್ಸಿಡಿಯನ್ ಗಾರ್ಗಾಯ್ಲ್ ವೇಗ 9, ಅದೊಂದೇ ಇದ್ದರೆ 19. ಹಾಗಾಗಿ ಸಂಜೆ ಸೋಲ್ಮಿರ್ ಪಕ್ಕದಲ್ಲಿ ಎರಡನೇ ನಾಯಕನನ್ನು ನಿಲ್ಲಿಸಿ ಗೋಲೆಮ್, ಗ್ರೆಮ್ಲಿನ್ ಎಲ್ಲ ಅವನಿಗೆ ದಾಟಿಸುತ್ತಿದ್ದೆ. ಬೆಳಗಾದ ಕೂಡಲೇ ವಾಪಸ್ ತೆಗೆದುಕೊಂಡು 19 ಚೌಕ ನಡೆಯುತ್ತಿದ್ದೆ. ಹೊರೆ ಹೊತ್ತವನು ಹಿಂದೆ ಬೀಳುತ್ತಾನೆ, ಅವನನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ದೂರದ ಊರಿಗೆ ಸೈನ್ಯ ಸಾಗಿಸಲು ಮೂವರು ನಾಯಕರನ್ನು ದಾರಿಯಲ್ಲಿ ನಿಲ್ಲಿಸಿ ಕೈಯಿಂದ ಕೈಗೆ ದಾಟಿಸಿದೆ, ಒಂದೇ ದಿನದಲ್ಲಿ ಐವತ್ತರ ಹತ್ತಿರ ಚೌಕ. ಕಂಪ್ಯೂಟರ್‌ಗೆ ಈ ಬುದ್ಧಿ ಇಲ್ಲ. ಇದು ಎಲ್ಲರಿಗೂ ಗೊತ್ತು, ಆದರೆ ದಿನಾ ಬೇಸರವಿಲ್ಲದೆ ಮಾಡುವವರು ಕಡಿಮೆ. ನಾನು ತೊಂಬತ್ತು ದಿನವೂ ಮಾಡಿದೆ.

ನಾಲ್ಕನೆಯದು ವಿದ್ಯುತ್ತಿನಿಂದ ಹಾಳಾಯಿತು. ಆಟ ಪ್ರತಿ ದಿನದ ಆರಂಭಕ್ಕೆ ತಾನೇ ಸೇವ್ ಮಾಡುತ್ತದೆ, ನಿಜ. ಆದರೆ ಬರೆಯುವ ಗಳಿಗೆಯಲ್ಲೇ ಕರೆಂಟ್ ಹೋಗಿ ಫೈಲೇ ತೆರೆಯಲಿಲ್ಲ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಹೊಸದಕ್ಕೆ ಸಾವಿರದ ಇನ್ನೂರು ಚಿಲ್ಲರೆ ಕೊಟ್ಟೆ. ಈ ಕಾಟ ನನಗೆ ಹೊಸದಲ್ಲ. 2003ರ ಸುಮಾರಿಗೆ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಆಡುತ್ತಿದ್ದಾಗ ವಾರಕ್ಕೊಮ್ಮೆ ಮಷಿನ್ ಅಳಿಸಿಬಿಡುತ್ತಿದ್ದರು. ಸೇವ್ ಫೈಲನ್ನು ಫ್ಲಾಪಿಯಲ್ಲಿ ಜೇಬಿಗಿಟ್ಟುಕೊಂಡು ಓಡಾಡುತ್ತಿದ್ದೆ. ಈಗ ಪ್ರತಿ ಸೋಮವಾರ, ಅಂದರೆ ಆಟದೊಳಗಿನ ವಾರದ ಮೊದಲ ದಿನ, ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಡುತ್ತೇನೆ.

ಐದನೆಯದಕ್ಕೆ ಮುಂಚೆ ಸ್ವಲ್ಪ ಬೇಸರವಾಗಿ ಇನ್ಫರ್ನೋ ಎಂಬ ಇನ್ನೊಂದು ಊರಿನ ಮೇಲೆ ಒಂದು ಪ್ರಯೋಗ ಮಾಡಿದೆ. ಅಲ್ಲಿನ ಪಿಟ್ ಲಾರ್ಡ್ ಯುದ್ಧದಲ್ಲಿ ಸತ್ತ ನಮ್ಮವರನ್ನು ಡೀಮನ್ ಆಗಿ ಎಬ್ಬಿಸುತ್ತಾನಲ್ಲ, ಅದು ದುಡ್ಡಿನಲ್ಲಿ ಲಾಭವೋ ಎಂದು ತಿಳಿಯಬೇಕಿತ್ತು. ಡೀಮನ್‌ಗೆ ಜೀವ 35. ಸತ್ತವರ ಒಟ್ಟು ಜೀವ ಅಷ್ಟು ಆಗಬೇಕು. ಅದೇ ಊರಿನ ಚಿಕ್ಕ ಜೀವಿ ಇಂಪ್‌ಗೆ ಜೀವ 4, ಬೆಲೆ 50, ಹಾಗಾಗಿ ಒಂದು ಡೀಮನ್‌ಗೆ 9 ಇಂಪ್, 450 ಚಿನ್ನ. ಗಾಗ್‌ಗೆ ಜೀವ 13, ಬೆಲೆ 125, ಮೂರು ಸಾಕು, 375. ಅಂಗಡಿಯಲ್ಲಿ ಡೀಮನ್ ಬೆಲೆ 250. ಯಾವ ದಾರಿಯಲ್ಲೂ ನಷ್ಟವೇ. ಆದರೆ ಡೀಮನ್ ಹುಟ್ಟುವುದು ವಾರಕ್ಕೆ 4 ಮಾತ್ರ, ಈ ದಾರಿಯಲ್ಲಿ ಒಂದೇ ಯುದ್ಧಕ್ಕೆ ಮೂವತ್ತು ಎಬ್ಬಿಸಿದೆ. ಚಿನ್ನ ಉಕ್ಕುವ ನಕ್ಷೆ ಸಿಕ್ಕರೆ ಗಾಗ್ ದಾರಿ ಹಿಡಿಯಿರಿ.

ಐದನೇ ಪ್ರಯತ್ನ ಮುರಿದದ್ದು ಮೂರನೇ ತಿಂಗಳ ಎರಡನೇ ವಾರ. ಡಂಜನ್ ಊರಿನ ಎದುರಾಳಿ ಬ್ಲ್ಯಾಕ್ ಡ್ರ್ಯಾಗನ್ ತಂದ. ಅವಕ್ಕೆ ಯಾವ ಮಂತ್ರವೂ ತಾಗುವುದಿಲ್ಲ. ಸೋಲ್ಮಿರ್ ಸುಮ್ಮನೆ ನಿಂತು ನೋಡಬೇಕಾಯಿತು. ನನ್ನ ಕೈ ಮತ್ತೆ ಟೈಟನ್ ಕಡೆಗೆ ಹೋಗಿತ್ತು, ತಡೆದುಕೊಂಡೆ. ಉತ್ತರ ಟವರ್‌ನದೇ ಇನ್ನೊಂದು ಜೀವಿ, ನಾಗರಾಣಿ. ನಾಗ ಅಂದರೆ ನಮಗೆ ಹೆಡೆ, ಕಲ್ಲು, ಹಾಲು. ಈ ಆಟದ ನಾಗ ಹಲವು ಕೈಗಳಲ್ಲಿ ಕತ್ತಿ ಹಿಡಿದವಳು, ಆದರೂ ಪರದೆ ಮೇಲೆ ಬಂದಾಗ ನನಗೆ ಅವಳ ಮೇಲೆ ಮೊದಲಿನಿಂದ ಒಂದು ಅಭಿಮಾನ. ಬೆಲೆ 1600, ಜೆಮ್ ಬೇಡ. ಏಟು ಗಟ್ಟಿ 30, ಏರುಪೇರಿಲ್ಲ. ಎಲ್ಲಕ್ಕಿಂತ ಮುಖ್ಯ, ಅವಳು ಹೊಡೆದರೆ ಎದುರಿನವರು ತಿರುಗಿ ಹೊಡೆಯುವ ಹಾಗಿಲ್ಲ. ಒಂದು ಟೈಟನ್ ದುಡ್ಡಿಗೆ ಮೂವರು.

ಆರನೇ ಸಲ ಡ್ರ್ಯಾಗನ್ ಬರುವ ಹೊತ್ತಿಗೆ ಹದಿನೆಂಟೋ ಹತ್ತೊಂಬತ್ತೋ ನಾಗರಾಣಿಯರು, ಇನ್ನೂರೈವತ್ತು ಮಾಸ್ಟರ್ ಗ್ರೆಮ್ಲಿನ್ ಇದ್ದವು. ಒಂಟಿ ಗ್ರೆಮ್ಲಿನ್‌ಗಳ ಎರಡು ಗುಂಪು ಒಡೆದು ಆಮಿಷಕ್ಕೆ ಮುಂದೆ ಬಿಟ್ಟೆ. ಡ್ರ್ಯಾಗನ್‌ಗಳು ಒಂದನ್ನು ತಿನ್ನಲು ನನ್ನ ಕಡೆ ಹಾರಿ ಬಂದು ಕೂತವು, ನಾಗರಾಣಿಯರ ಪಕ್ಕದಲ್ಲೇ. ಮೂರನೇ ಸುತ್ತಿಗೆ ಒಂದೂ ಉಳಿಯಲಿಲ್ಲ. ಆಮೇಲಿನ ಎರಡು ಊರು ವಾರದೊಳಗೆ ಬಿದ್ದವು.

ಹಾಸನದ ಗೆಳೆಯನಿಗೆ ಸೇವ್ ಫೈಲ್ ಕಳಿಸಿದೆ. ಈಗ ಅವನೂ ಟವರ್ ಹಿಡಿದಿದ್ದಾನೆ. ಮೊನ್ನೆ ರಾತ್ರಿ ಫೋನ್ ಮಾಡಿ ಎರಡನೇ ವಾರದಲ್ಲೇ ಸಿಕ್ಕಿಹಾಕಿಕೊಂಡೆ ಅಂದ. "ಪೆಟ್ಟಿಗೆಯಲ್ಲಿ ಏನು ತಗೊಂಡೆ?" ಎಂದು ಕೇಳಿದೆ. ಅನುಭವ, ಅಂದ. ಮೊದಲ ದಿನದಿಂದ ಶುರು ಮಾಡು ಅಂದೆ.