ಕರೆಂಟ್ ಇಡಬೇಕಾದ್ದು ಮಂಡಿಗಲ್ಲ, ತೊಡೆಗೆ: ಇಎಂಎಸ್ ಮೆಷಿನ್ ಬಳಸುವುದು ಹೇಗೆ?

ಮಂಡಿ ಸವೆದಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಫಿಸಿಯೋ ಹತ್ತಿರ ಹೋಗಿ 'ಕರೆಂಟ್ ಇಡಿಸಿಕೊಂಡು' ಬರುವವರು ಬೇಕಾದಷ್ಟು ಜನ ಇದ್ದಾರೆ. ಈಗ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮೆಷಿನ್ ಆನ್‌ಲೈನ್‌ನಲ್ಲೂ ಸಿಗುತ್ತದೆ. ತರಿಸಿಕೊಳ್ಳುತ್ತಾರೆ, ಪ್ಯಾಡ್‌ಗಳನ್ನು ಸೀದಾ ನೋಯುವ ಚಿಪ್ಪಿನ ಮೇಲೇ ಅಂಟಿಸುತ್ತಾರೆ, ನಾಲ್ಕು ದಿನ ನೋಡಿ ಕಪಾಟಿಗೆ ಹಾಕುತ್ತಾರೆ.

ಇಎಂಎಸ್ ಅಂದರೆ ಕರೆಂಟ್ ಕೊಟ್ಟು ಸ್ನಾಯುವನ್ನು ಬಿಗಿಸುವ ಚಿಕಿತ್ಸೆ. ಅದು ಕೆಲಸ ಮಾಡುವುದು ತೊಡೆಯ ಮೇಲೆ. ಮಂಡಿ ನೋಯುತ್ತಾ ಊದಿಕೊಂಡಿದ್ದರೆ, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ನರಗಳಿಂದ ಬರುವ ಸೂಚನೆಯೇ ತಗ್ಗುತ್ತದೆ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಬೇಕಾದ್ದು ಅದೇ ಸ್ನಾಯು. ನೋವು ಅಂತ ನೀವು ಓಡಾಟ ಕಡಿಮೆ ಮಾಡುತ್ತೀರಿ, ಅದು ಇನ್ನೂ ಸೊರಗುತ್ತದೆ, ಮಂಡಿಯ ಕಷ್ಟ ಇನ್ನೂ ಜಾಸ್ತಿ ಆಗುತ್ತದೆ. ಮೆಷಿನ್ ಹೊರಗಿನಿಂದ ನರವನ್ನು ಕೆಣಕಿ ಆ ಸ್ನಾಯು ಬಿಗಿಯುವಂತೆ ಮಾಡುತ್ತದೆ, ಅಷ್ಟೇ. ಸವೆದದ್ದು ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಟೆನ್ಸ್ ಎಂಬ ಇನ್ನೊಂದು ಕರೆಂಟ್ ಚಿಕಿತ್ಸೆ ಬೇರೆ, ಇದು ಬೇರೆ. ಟೆನ್ಸ್ ಜುಮ್ ಎನ್ನಿಸಿ ನೋವು ಮರೆಸಲು ನೋಡುತ್ತದೆ. ಹಲವು ಮೆಷಿನ್‌ಗಳಲ್ಲಿ ಎರಡೂ ಇರುತ್ತವೆ, ಯಾವ ಮೋಡ್ ಎಂದು ನೋಡಿಯೇ ಆನ್ ಮಾಡಿ.

ಅದಕ್ಕೂ ಮುಂಚೆ ಒಂದು ಮಾತು. ಪೇಸ್‌ಮೇಕರ್ ಇದ್ದವರು ಇದನ್ನು ಮುಟ್ಟಬಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಆ ಜಾಗದಲ್ಲಿ ಕ್ಯಾನ್ಸರ್ ಅಥವಾ ಗಾಯ ಇದ್ದರೆ ಬೇಡ. ಬಸುರಿಯರು, ಮೂರ್ಛೆರೋಗ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಕರೆಂಟ್ ಎಷ್ಟು ಜೋರಾಗಿದೆ ಎಂದೇ ಗೊತ್ತಾಗುವುದಿಲ್ಲ, ಚರ್ಮ ಸುಡಬಹುದು. ಮೊದಲ ಸಲವಂತೂ ಫಿಸಿಯೋ ಎದುರಿಗೇ ಮಾಡಿ.

ಈಗ ತೊಡೆಯನ್ನು ಸೋಪು ಹಚ್ಚಿ ತೊಳೆದು ಒರೆಸಿ. ಕೊಬ್ಬರಿ ಎಣ್ಣೆ, ನೋವಿನ ಮುಲಾಮು ಉಳಿದಿದ್ದರೆ ಪ್ಯಾಡ್ ಸರಿಯಾಗಿ ಕೂರುವುದಿಲ್ಲ, ಒಂದೇ ಕಡೆ ಚುರ್ ಎನ್ನುತ್ತದೆ. ಕೂದಲು ಜಾಸ್ತಿ ಇದ್ದರೆ ಕತ್ತರಿಯಲ್ಲಿ ಕತ್ತರಿಸಿ, ರೇಜರ್ ಹಾಕಬೇಡಿ. ದೊಡ್ಡ ಪ್ಯಾಡೇ ಒಳ್ಳೆಯದು, ಚಿಕ್ಕದು ಚುಚ್ಚುತ್ತದೆ. ಒಂದನ್ನು ಚಿಪ್ಪಿನಿಂದ ನಾಲ್ಕು ಬೆರಳು ಮೇಲೆ, ಒಳಮಗ್ಗುಲಿಗೆ ಅಂಟಿಸಿ. ಇನ್ನೊಂದು ತೊಡೆಯ ಮೇಲ್ಭಾಗದಲ್ಲಿ, ಸ್ವಲ್ಪ ಹೊರಮಗ್ಗುಲಿಗೆ.

ಕುರ್ಚಿಯ ಮೇಲೆ ಕುಳಿತು, ಮಂಡಿ ಮಡಚಿ, ಪಾದ ಮುಂದಕ್ಕೆ ಹಾರದಂತೆ ಗೋಡೆಗೋ ಮಂಚದ ಕಾಲಿಗೋ ಒತ್ತಿಕೊಳ್ಳಿ. ಮಡಚಿದರೆ ನೋವು ಅನ್ನುವವರು ಕಾಲು ಚಾಚಿ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟುಕೊಳ್ಳಬಹುದು. ಸೆಟ್ಟಿಂಗ್ ಸಾಮಾನ್ಯವಾಗಿ 50 ಹರ್ಟ್ಸ್ ಆಸುಪಾಸು, 10 ಸೆಕೆಂಡು ಬಿಗಿತ, 30ರಿಂದ 50 ಸೆಕೆಂಡು ಬಿಡುವು. ಬಿಡುವು ಉಳಿಸೋಣ ಎಂದು ಹೋಗಬೇಡಿ. ಕರೆಂಟ್ ಪ್ರತಿ ಸಲ ಅದೇ ಎಳೆಗಳನ್ನು ಒಟ್ಟಿಗೆ ದುಡಿಸುವುದರಿಂದ ಸ್ನಾಯು ಬೇಗ ಸುಸ್ತಾಗುತ್ತದೆ.

ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಮೊದಲು ಇರುವೆ ಹರಿದಂತೆ ಆಗುತ್ತದೆ, ಆಮೇಲೆ ಸ್ನಾಯು ಅದುರುತ್ತದೆ. ಅಲ್ಲಿಗೇ ನಿಲ್ಲಿಸುವವರೇ ಜಾಸ್ತಿ, ಆದರೆ ಅಷ್ಟು ಸಾಲದು. ತೊಡೆ ಕಲ್ಲಾಗಬೇಕು. ಕಾಲು ಚಾಚಿದ್ದರೆ ಚಿಪ್ಪು ಮೇಲಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಬಿಗಿದಾಗ ಸುಮ್ನೆ ಟಿವಿ ನೋಡುತ್ತಾ ಕೂರಬೇಡಿ, ನೀವೂ ಜೊತೆಗೆ ಬಿಗಿಯಿರಿ. ತಡೆಯಲಾರದ ಉರಿ ಇದ್ದರೆ ಇಳಿಸಿ. ಸುಮಾರು 15 ನಿಮಿಷ, ವಾರಕ್ಕೆ ಮೂರು ದಿನ, ಆರೆಂಟು ವಾರ.

ಇಷ್ಟೆಲ್ಲಾ ಮಾಡಿದರೆ ನೋವು ಹೋಗುತ್ತಾ? ಗ್ಯಾರಂಟಿ ಇಲ್ಲ. ಯಾವ ಚಿಕಿತ್ಸೆ ಕೊಡಬೇಕು ಎಂದು ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಪುರಾವೆ ಸಾಲದು ಎಂದು, ಕೀಲು ಸವೆತಕ್ಕೆ ಈ ಕರೆಂಟ್ ಚಿಕಿತ್ಸೆಗಳನ್ನು ಕೊಡಬೇಡಿ ಎಂದೇ ಹೇಳಿದೆ. ವ್ಯಾಯಾಮ ಮಾಡಿ, ತೂಕ ಜಾಸ್ತಿ ಇದ್ದರೆ ಇಳಿಸಿ ಅನ್ನುತ್ತದೆ. ಮಂಡಿ ಬದಲಿಸಿದ ಆಪರೇಷನ್ ಆದ ಮೇಲಿನ ಮೊದಲ ವಾರಗಳಲ್ಲಿ ಮಾತ್ರ, ತೊಡೆಯ ಶಕ್ತಿ ಉಳಿಸಿಕೊಳ್ಳಲು ಇದು ನೆರವಾಗುತ್ತದೆ ಎಂದು ತೋರಿಸಿದ ಅಧ್ಯಯನಗಳಿವೆ. ನನ್ನ ಪ್ರಕಾರ, ನೋವಿನಿಂದ ವ್ಯಾಯಾಮ ಶುರು ಮಾಡಲೂ ಆಗದವರು ಫಿಸಿಯೋನ ಕೇಳಿ ಪ್ರಯತ್ನಿಸಬಹುದು, ಆದರೆ ವ್ಯಾಯಾಮದ ಬದಲಿಗೆ ಅಲ್ಲ. ಮಲಗಿ, ಮಂಡಿ ಮಡಚದೆ ಕಾಲನ್ನು ಒಂದಡಿ ಎತ್ತಿ ಐದು ಸೆಕೆಂಡು ಹಿಡಿಯಿರಿ. ಹತ್ತು ಸಲ ಆರಾಮಾಗಿ ಆಗುತ್ತಿದೆಯಾ? ಹಾಗಿದ್ದರೆ ಮೆಷಿನ್‌ಗೆ ದುಡ್ಡು ಹಾಕಬೇಡಿ.