ಹಳೇ ಕಾಲದ ಆವಿಗೆಗೆ ಬೆಂಕಿ ಹಾಕುವವರ ಜೊತೆ ಕೆಲಸ ಮಾಡುವುದು ಹೇಗೆ?

ನೆಲ ಅಗೆಯುವಾಗ ಮಡಕೆ ಸುಡುವ ಆವಿಗೆಯೊಂದು ಸಿಕ್ಕಿದರೆ ಹೆಚ್ಚಾಗಿ ಉಳಿದಿರುವುದು ಅದರ ಬುಡ ಮಾತ್ರ. ಸುಟ್ಟು ಕೆಂಪಾದ ಮಣ್ಣು, ಒಲೆಬಾಯಿ, ಬೂದಿ, ಒಂದಿಷ್ಟು ಬೋಕಿ ಚೂರು. ಗೋಡೆ ಎಷ್ಟು ಎತ್ತರ ಇತ್ತು, ಮೇಲೆ ಏನು ಮುಚ್ಚುತ್ತಿದ್ದರು, ಸೌದೆ ಎಷ್ಟು ಬೇಕಾಗುತ್ತಿತ್ತು? ಇದನ್ನು ತಿಳಿಯಲು ಪ್ರಯೋಗ ಪುರಾತತ್ವದ ಗುಂಪುಗಳು ಅದೇ ಅಳತೆಯಲ್ಲಿ ಹೊಸ ಆವಿಗೆ ಕಟ್ಟಿ, ನಿಜವಾಗಿಯೇ ಸುಟ್ಟು ನೋಡುತ್ತವೆ. ಡೆನ್ಮಾರ್ಕಿನ ಲೈರೆಯಲ್ಲಿ 1964ರಿಂದ, ಇಂಗ್ಲೆಂಡಿನ ಬಟ್ಸರ್‌ನಲ್ಲಿ 1972ರಿಂದ ಹಳೇ ಕಾಲದ ಬದುಕನ್ನು ಹೀಗೆ ಮಾಡಿಯೇ ಕಲಿಯುವ ಕೆಲಸ ನಡೆದಿದೆ. ಇಂಥ ಕಡೆ ಕೈಗಳು ಜಾಸ್ತಿ ಬೇಕು, ಡಿಗ್ರಿ ಬೇಕಿಲ್ಲ.

ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಸಲ ಸುಟ್ಟು ಏನನ್ನು ತಿಳಿಯಬೇಕು ಅಂತಿದ್ದೀರಿ? ಸ್ಪಷ್ಟ ಉತ್ತರ ಇರುವ ಗುಂಪನ್ನೇ ಆರಿಸಿಕೊಳ್ಳಿ. ಪ್ರಶ್ನೆ ಇಲ್ಲದಿದ್ದರೆ ಅದು ಸುಮ್ನೆ ಬೆಂಕಿ, ಪ್ರಯೋಗ ಅಲ್ಲ.

ಬಟ್ಟೆ ಹತ್ತಿಯದ್ದೇ ಇರಲಿ. ನೈಲಾನ್, ಪಾಲಿಯೆಸ್ಟರ್ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗಟ್ಟಿ ಬೂಟು, ಚರ್ಮದ ಕೈಗವಸು ಬೇಕು, ಕೂದಲು ಕಟ್ಟಿರಬೇಕು.

ಶುರುವಿನ ಕೆಲಸ ಮಣ್ಣು ತುಳಿಯುವುದು, ಹುಲ್ಲು ಸೇರಿಸಿ ಗೋಡೆ ಕಟ್ಟುವುದು, ಸೌದೆ ಸೀಳಿ ತೂಗುವುದು. ಬೇಸರ ಅನ್ನಿಸಬಹುದು. ಆದರೆ ತೂಕ ಬರೆಯದೆ ಒಲೆಗೆ ಹಾಕಿದ ಸೌದೆ ಲೆಕ್ಕಕ್ಕೆ ಸಿಗುವುದಿಲ್ಲ ಅಲ್ವಾ?

ಸುಡುವ ದಿನ ಮೊದಲ ಕೆಲವು ಗಂಟೆ ಸಣ್ಣ ಉರಿಯಷ್ಟೇ. ಎಷ್ಟೇ ಒಣಗಿದ್ದರೂ ಹಸಿ ಮಡಕೆಯಲ್ಲಿ ನೀರಿನ ಪಸೆ ಇರುತ್ತದೆ, ಅವಸರದಲ್ಲಿ 100 ಡಿಗ್ರಿ ದಾಟಿಸಿದರೆ ಆ ನೀರು ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. ಒಳಗಿನಿಂದ ಠಪ್ ಅಂತ ಸದ್ದು ಬಂದರೆ ಬೇಜಾರು ಪಡುವ ಮೊದಲು ಗಡಿಯಾರ ನೋಡಿ, ಸಮಯ ಬರೆದುಕೊಳ್ಳಿ. ಒಡೆದ ಮಡಕೆಯೂ ಇಲ್ಲಿ ಉತ್ತರವೇ.

ಆಮೇಲೆ ಉರಿ ಏರಿಸುವ ಸರದಿ. ಸೌದೆಯನ್ನು ಸಣ್ಣಗೆ ಸೀಳಿ, ಸ್ವಲ್ಪ ಸ್ವಲ್ಪವೇ, ಬೇಗ ಬೇಗ ಹಾಕಬೇಕು. ಒಲೆಬಾಯಿ ತುಂಬಾ ತುರುಕಿದರೆ ಗಾಳಿ ಆಡದೆ ಕಪ್ಪು ಹೊಗೆ ಏಳುತ್ತದೆ, ಕಾವು ಏರುವ ಬದಲು ಇಳಿಯುತ್ತದೆ. ಕಾವು ಅಳೆಯುವ ಮೀಟರ್ ಏನು ತೋರಿಸಿತು ಅನ್ನುವುದರ ಜೊತೆಗೆ ಒಳಗಿನ ಬಣ್ಣ ಹೇಗಿತ್ತು ಅಂತಲೂ ಬರೆಯಿರಿ, ಯಾಕೆಂದರೆ ಹಳೇ ಕುಂಬಾರರ ಹತ್ತಿರ ಮೀಟರ್ ಇರಲಿಲ್ಲ, ಮಸುಕು ಕೆಂಪು ಕಿತ್ತಳೆಗೆ ತಿರುಗುವುದನ್ನು ನೋಡಿಯೇ ಅವರು ಹದ ತಿಳಿಯುತ್ತಿದ್ದರು. ಹೊಗೆ ಬರುವ ಕಡೆ ಬಗ್ಗಿ ನಿಲ್ಲಬೇಡಿ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿಗೆ ವಾಸನೆ ಇಲ್ಲ.

ಕೊನೆಯಲ್ಲಿ ಗಾಳಿ ಬಿಡುವುದೋ ಮುಚ್ಚುವುದೋ ಅನ್ನುವುದು ದೊಡ್ಡ ತೀರ್ಮಾನ. ಕಬ್ಬಿಣದ ಅಂಶ ಇರುವ ಮಣ್ಣು ಗಾಳಿ ಸಿಕ್ಕರೆ ಕೆಂಪಾಗುತ್ತದೆ, ಹೊಗೆಯೊಳಗೇ ಮುಚ್ಚಿಟ್ಟರೆ ಬೂದು ಅಥವಾ ಕಪ್ಪು. ಅದೇ ಮಣ್ಣು, ಅದೇ ಆವಿಗೆ!

ಇನ್ನು ಕಾಯುವುದು. ಆವಿಗೆ ದೊಡ್ಡದಿದ್ದರೆ ತಣ್ಣಗಾಗಲು ಒಂದು ದಿನಕ್ಕಿಂತ ಹೆಚ್ಚೇ ಬೇಕಾಗಬಹುದು. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಸ್ಫಟಿಕದ ಮರಳು ಥಟ್ಟನೆ ಕುಗ್ಗುತ್ತದೆ, ಆಗ ತಣ್ಣನೆ ಗಾಳಿ ನುಗ್ಗಿದರೆ ಬಿರುಕು ಬರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಅವಸರಕ್ಕೆ ತೆಗೆದ ಮುಚ್ಚಳವೂ ದೊಣ್ಣೆಯ ಕೆಲಸವನ್ನೇ ಮಾಡುತ್ತದೆ.

ತೆಗೆದ ಮೇಲೆ ಯಾವ ಮಡಕೆ ಎಲ್ಲಿ ಇತ್ತು ಅಂತ ಗುರುತು ಹಾಕಿ, ಕೆಲವನ್ನು ಬೇಕೆಂದೇ ಒಡೆದು ನೋಡುತ್ತಾರೆ. ಚೂರಿನ ನಡುವೆ ಕಪ್ಪು ಪಟ್ಟೆ ಇದ್ದರೆ ಮಣ್ಣಿನೊಳಗಿನ ಕಸಕಡ್ಡಿ ಪೂರ್ತಿ ಉರಿದಿಲ್ಲ ಎಂದರ್ಥ. ಅಗೆತದಲ್ಲಿ ಸಿಕ್ಕ ಬೋಕಿಯ ಪಕ್ಕ ಇದನ್ನಿಟ್ಟು ಹೋಲಿಸುವ ಹೊತ್ತು ನನಗಂತೂ ಇಡೀ ಕೆಲಸದಲ್ಲಿ ತುಂಬಾ ಇಷ್ಟ.

ಕೆಲವು ಗುಂಪುಗಳು ಆವಿಗೆಯನ್ನು ಕೆಡವದೆ ಮಳೆಗೆ ಬಿಡುತ್ತವೆ. ಅದು ಹೇಗೆ ಕುಸಿಯುತ್ತದೆ ಎಂದು ನೋಡಿದರೆ ನೆಲದಡಿ ಸಿಕ್ಕ ಆವಿಗೆಯನ್ನು ಓದುವುದು ಸುಲಭ. ಪ್ರತಿ ಮಳೆಗಾಲ ಮುಗಿದ ಮೇಲೆ ಯಾರಾದರೂ ಹೋಗಿ ಒಂದೇ ಜಾಗದಿಂದ ಫೋಟೋ ತೆಗೆದು ಅಳತೆ ಬರೆಯಬೇಕು. ಬೆಂಕಿಯ ದಿನ ಬರಲು ಆಗದವರು ಈ ಕೆಲಸ ಕೇಳಿ ಪಡೆಯಬಹುದು.