ಸ್ಕಾಲರ್‌ಶಿಪ್ ಟೇಬಲ್ಲಿನಿಂದ ಶುರುವಾದ ವಿದ್ಯಾರ್ಥಿ ಸಹಾಯ: ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನನ್ನ ಅನುಭವ

ಸ್ಕಾಲರ್‌ಶಿಪ್ ಅರ್ಜಿ, ಬ್ಯಾಕ್ ಪೇಪರ್ ಪಾಠ, ಮನಸ್ಸಿನ ಕಷ್ಟ, ಈ ಮೂರನ್ನೂ ಲೈಬ್ರರಿಯ ಒಂದೇ ಟೇಬಲ್ಲಿನಲ್ಲಿ ನೋಡುತ್ತೇವೆ ಅಂದಾಗ ನಮ್ಮಲ್ಲಿ ಒಪ್ಪಿದವರು ಕಡಿಮೆ. "ಮೇಡಂ, ಸೈಬರ್ ಸೆಂಟರ್ ಕೆಲಸ ಬೇರೆ, ಕೌನ್ಸೆಲಿಂಗ್ ಬೇರೆ" ಅಂತ ಸಭೆಯಲ್ಲೇ ಹೇಳಿದರು. ಈಗ ಮೂರು ವರ್ಷವಾಗುತ್ತಾ ಬಂತು, ಟೇಬಲ್ ಖಾಲಿ ಇರುವ ದಿನವೇ ಅಪರೂಪ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಆಪ್ತ ಸಮಾಲೋಚಕರು ಇರಬೇಕು ಅಂತ ಹೇಳಿದ ಮೇಲೆ ಅಕ್ಕಪಕ್ಕದ ಕಾಲೇಜಿನವರು ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಕಾಲೇಜಿನಲ್ಲಿ ನಡೆದ ಪ್ರಯತ್ನಗಳ ಲೆಕ್ಕ ಹೇಳಿಬಿಡುತ್ತೇನೆ. ಮೇಲಿನ ಮಹಡಿಯ ಒಂದು ಮೂಲೆಗೆ ಪಾರ್ಟಿಶನ್ ಹಾಕಿ, ಸೋಫಾ ಇಟ್ಟು, ಬಾಗಿಲಿಗೆ ಬೋರ್ಡ್ ಬರೆಸಿದ್ದರು. ಸುಮಾರು 40 ಸಾವಿರ ಖರ್ಚಾಯಿತು. ತಿಂಗಳಿಗೆ ಎರಡು ಶನಿವಾರ ಸಮಾಲೋಚಕರು ಬರುತ್ತಿದ್ದರು, ಸಲಕ್ಕೆ 1,500 ರೂಪಾಯಿ. ಒಳ್ಳೆಯ ಮನುಷ್ಯರು, ಕೆಲಸ ಬಲ್ಲವರು. ಆದರೆ ಶನಿವಾರ ಅರ್ಧ ದಿನ, ಜಗಳೂರು, ಚನ್ನಗಿರಿ ಕಡೆಯ ಮಕ್ಕಳು ಬೆಲ್ ಹೊಡೆದ ತಕ್ಷಣ ಬಸ್ಸಿಗೆ ಓಡುತ್ತಾರೆ. ಉಳಿದವರೂ ಆ ಬಾಗಿಲು ತಳ್ಳಲಿಲ್ಲ. ಆ ಕಾರಿಡಾರಿನಲ್ಲಿ ಯಾರು ಒಳಗೆ ಹೋದರು ಅನ್ನುವುದು ಇಡೀ ಕಾಲೇಜಿಗೆ ಕಾಣುತ್ತಿತ್ತು, ಅಲ್ವಾ! ಒಂದು ವರ್ಷದಲ್ಲಿ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಮೇಲೆ ವಾಟ್ಸಾಪ್ ಗ್ರೂಪ್ ಬಂತು, ಅದು ಹಬ್ಬದ ಶುಭಾಶಯಗಳಲ್ಲೇ ಮುಳುಗಿತು. ಸಲಹಾ ಪೆಟ್ಟಿಗೆಯಿಂದ ಒಂದು ಉಪಯೋಗವಾಯಿತು, ಹುಡುಗಿಯರ ಶೌಚಾಲಯಕ್ಕೆ ನೀರು ಬಂತು. ಬೇರೆ ಯಾವ ಚೀಟಿಯೂ ಬೀಳಲಿಲ್ಲ.

ನಾನು ಗಮನಿಸಿದ್ದು ಒಂದೇ ವಿಷಯ. ಸ್ಕಾಲರ್‌ಶಿಪ್ ಸಮಯದಲ್ಲಿ ಯಾರಿಗೂ ನಾಚಿಕೆ ಇರುವುದಿಲ್ಲ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಅಂದರೆ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗಾಗಿ ಸಾಲು ಇರುವ ಕಡೆಗೇ ಉಳಿದ ಸಹಾಯವನ್ನೂ ತಂದೆ.

ದಿನಪತ್ರಿಕೆ ಸ್ಟ್ಯಾಂಡಿನ ಹಿಂದೆ ಒಂದು ಹಳೇ ಟೇಬಲ್ ಹಾಕಿಸಿದೆ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 18 ಸಾವಿರದ ಆಸುಪಾಸು. ಪ್ರಿಂಟರ್, ಸ್ಕ್ಯಾನರ್ ಎರಡೂ ಸೇರಿದ ಇಂಕ್ ಟ್ಯಾಂಕ್ ಮಷೀನು 14 ಸಾವಿರ ಇರಬೇಕು. ಎರಡನ್ನೂ ಹಳೇ ವಿದ್ಯಾರ್ಥಿಗಳ ಸಂಘ ಕೊಟ್ಟಿತು. ಕುರ್ಚಿ ಇಟ್ಟ ರೀತಿಯೇ ಮುಖ್ಯ. ನನ್ನ ಕುರ್ಚಿ, ವಿದ್ಯಾರ್ಥಿಯ ಕುರ್ಚಿ ಎರಡೂ ಪಕ್ಕಪಕ್ಕ, ಇಬ್ಬರ ಮುಖವೂ ಸ್ಕ್ರೀನಿನ ಕಡೆಗೆ. ಎದುರಿಗೆ ಕೂರಿಸಿದರೆ ಮಕ್ಕಳು ವೈವಾಕ್ಕೆ ಬಂದ ಹಾಗೆ ಬಿಗಿಯಾಗುತ್ತಾರೆ. ಪಕ್ಕದಲ್ಲಿ ಕೂತರೆ ಕಣ್ಣು ಕಣ್ಣು ಸೇರಿಸಬೇಕಾಗಿಲ್ಲ, ಮಾತು ತಾನಾಗಿ ಬರುತ್ತದೆ.

ಕಾಯುವ ಹೊತ್ತಿನಲ್ಲೇ ಇದರ ಗುಟ್ಟೆಲ್ಲ ಇದೆ. ಆಧಾರ್ ಓಟಿಪಿ ಸಾಮಾನ್ಯವಾಗಿ ಅಪ್ಪನ ಫೋನಿಗೆ ಹೋಗಿರುತ್ತದೆ. ಅಪ್ಪ ಹೊಲದಲ್ಲಿ. ಹುಡುಗ ಫೋನ್ ಮಾಡುತ್ತಾನೆ, ಅವರು ಎತ್ತುವವರೆಗೆ ಕಾಯಬೇಕು. ಎತ್ತಿದ ಮೇಲೆ ಇವನ ದನಿ ಹೇಗೆ ಬದಲಾಗುತ್ತದೆ ಅನ್ನುವುದನ್ನು ಕೇಳಿದರೆ ಮನೆಯ ಅರ್ಧ ಕಥೆ ಗೊತ್ತಾಗುತ್ತದೆ. ಪುಟ ತೆರೆಯುವವರೆಗೆ ನಾನು ಸುಮ್ನೆ ಮೂರು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಟ್ಟೆ, ಎಷ್ಟು ಸಬ್ಜೆಕ್ಟ್ ಬಾಕಿ ಇದೆ, ಇವೆರಡು ಎಲ್ಲರಿಗೂ ಗೊತ್ತಿರಲಿ. ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದು ಫಾರ್ಮಿನಲ್ಲಿ ಅಚ್ಚಾಗಿ ಬರುತ್ತದೆ, ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಬಂದು ಪಕ್ಕದಲ್ಲಿ ಕೂತವರಿಗೆ ಹೇಳುತ್ತೇನೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೇನೆ. ಬಿ.ಕಾಂ., ಎರಡು ವರ್ಷದಿಂದ ಸ್ಕಾಲರ್‌ಶಿಪ್ ಬಂದಿರಲಿಲ್ಲ. ಅರ್ಜಿ ಮಂಜೂರಾಗಿತ್ತು, ದುಡ್ಡು ಮಾತ್ರ ಖಾತೆಗೆ ಬಿದ್ದಿರಲಿಲ್ಲ. ಆಧಾರ್ ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನುವುದನ್ನು, ನೋಡಿದರೆ ಅವನೇ ಮರೆತಿದ್ದ ಯಾವುದೋ ಹಳೇ ಖಾತೆ ತೋರಿಸುತ್ತಿತ್ತು. ನಿಮಗೆ ಗೊತ್ತಿರುವುದೇ, ಕೊನೆಗೆ ಯಾವ ಬ್ಯಾಂಕಿಗೆ ಮ್ಯಾಪ್ ಆಗಿರುತ್ತದೋ ಡಿಬಿಟಿ (ಸರ್ಕಾರ ನೇರವಾಗಿ ಖಾತೆಗೆ ಹಾಕುವ ದುಡ್ಡು) ಅಲ್ಲಿಗೇ ಹೋಗುತ್ತದೆ. ಅಂಚೆ ಕಚೇರಿಯಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿ ಅದಕ್ಕೇ ಸೀಡ್ ಮಾಡಿಸಿದೆವು. ಇಷ್ಟು ಮಾಡುವ ಹೊತ್ತಿಗೆ ಅವನು ನಾಲ್ಕು ಸಲವಾದರೂ ಬಂದು ಕೂತಿದ್ದ. ಅಷ್ಟರಲ್ಲಿ ಒಂದೊಂದೇ ಹೊರಗೆ ಬಂತು. ಮೆಕ್ಕೆಜೋಳದ ಸೀಸನ್ನಿನಲ್ಲಿ ರಾತ್ರಿ ಲೋಡಿಂಗಿಗೆ ಹೋಗುತ್ತಾನೆ. ಕ್ಲಾಸಿನಲ್ಲಿ ನಿದ್ದೆ, ಅಟೆಂಡೆನ್ಸ್ ಶಾರ್ಟೇಜ್, ನಾಲ್ಕು ಪೇಪರ್ ಬಾಕಿ. ಮನೆಗೆ ಹೇಳಿಲ್ಲ. ಕೆಲಸವಿಲ್ಲದ ರಾತ್ರಿಯೂ ನಿದ್ದೆ ಬರುವುದಿಲ್ಲ ಅಂದ ದಿನ ನಾನು ಅರ್ಜಿ ಬಿಟ್ಟು ಅವನ ಕಡೆ ತಿರುಗಿದೆ.

ಅಲ್ಲೇ ಹಿಂದಿನ ಸ್ಟಾಕ್ ರೂಮಿನಲ್ಲಿ ಕೂರಿಸಿ ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿಕೊಟ್ಟೆ. 14416, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸೇವೆ, ನಮ್ಮ ಎಷ್ಟೋ ಸಿಬ್ಬಂದಿಗೇ ಆ ನಂಬರ್ ಗೊತ್ತಿರಲಿಲ್ಲ. ನಂಬರ್ ಬರೆದು ಕೈಗೆ ಕೊಟ್ಟರೆ ಮಕ್ಕಳು ಮಾಡುವುದಿಲ್ಲ. ಮೊದಲ ಫೋನ್ ನಮ್ಮ ಎದುರಿಗೇ ಆಗಬೇಕು, ಹಚ್ಚಿಕೊಟ್ಟು ನಾವು ಹೊರಗೆ ಬರಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬೇಕಾಯಿತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ. ಆದರೆ ಊರಿನವರು ನೋಡುತ್ತಾರೆ ಅಂತ ಅವನು ಒಪ್ಪಲಿಲ್ಲ, ದಾವಣಗೆರೆಯಲ್ಲೇ ಆಗಲಿ ಅಂದ. ಮೊದಲ ಸಲ ನಮ್ಮ ಅಟೆಂಡರ್ ಅಣ್ಣ ಜೊತೆಗೆ ಹೋದರು. ಅವನು ಈಗ ಮೂರು ಪೇಪರ್ ಪಾಸು ಮಾಡಿದ್ದಾನೆ, ಒಂದು ಉಳಿದಿದೆ.

ಬ್ಯಾಕ್ ಪೇಪರ್ ಪಾಠದಲ್ಲೂ ತುಂಬಾ ಕಳೆದುಕೊಂಡ ಮೇಲೇ ದಾರಿ ಸಿಕ್ಕಿದ್ದು. ಸಂಜೆ ನಾಲ್ಕೂವರೆಗೆ ಇಟ್ಟರೆ ಬಸ್ ತಪ್ಪುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಅನುಕೂಲವಾಗಿದ್ದು ನಿಜ, ಆದರೆ ಖಾಸಗಿ ಬಸ್ಸೇ ಗತಿ ಇರುವ ಊರುಗಳಿಗೆ ಅದರಿಂದ ಏನೂ ಬದಲಾಗಲಿಲ್ಲ. ಬೆಳಿಗ್ಗೆ ಒಂಬತ್ತೂಕಾಲಿಗೆ ತಂದ ಮೇಲೆ ಜನ ಬಂದರು. ಬಸ್ಸುಗಳು ಹೇಗೂ ಬೇಗ ತಂದು ಬಿಡುತ್ತವೆ, ಆ ಮುಕ್ಕಾಲು ಗಂಟೆ ಕಟ್ಟೆ ಮೇಲೆ ಕೂತು ಕಳೆಯುತ್ತಿದ್ದರು. ಹೇಳಿಕೊಡಲು ಮೊದಲು ರ‍್ಯಾಂಕ್ ಬರುವ ಮಕ್ಕಳನ್ನು ಹಾಕಿದೆವು, ಕೂಡಲಿಲ್ಲ. ಅವರಿಗೆ ಎಲ್ಲಿ ತೊಡಕಾಗುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ. ಅಕೌಂಟ್ಸಿನಲ್ಲಿ ಒಮ್ಮೆ ಫೇಲಾಗಿ ಆಮೇಲೆ ಪಾಸಾದ ಸೀನಿಯರ್‌ಗಳನ್ನು ಹಾಕಿದ ಮೇಲೆ ಪಾಠ ಕುದುರಿತು. ಅವರಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತೇವೆ. ಪುಕ್ಕಟೆ ಮಾಡಿಸಿದರೆ ಎರಡೇ ವಾರಕ್ಕೆ ಬಿಡುತ್ತಾರೆ. ಅವರನ್ನು ಆರಿಸುವುದಕ್ಕೂ ನನ್ನದೊಂದು ಲೆಕ್ಕಾಚಾರವಿದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ತಿಂಗಳು ಎಲ್ಲ ನಿಂತುಹೋಗಿತ್ತು. ಟೇಬಲ್ಲಿನಲ್ಲಿ ಒಬ್ಬ ಹುಡುಗಿ ಮದುವೆ ಒತ್ತಾಯದ ಬಗ್ಗೆ ಹೇಳಿಕೊಂಡ ಮಾತು ಹೇಗೋ ಸ್ಟಾಫ್ ರೂಮಿಗೆ ಹೋಯಿತು, ಒಬ್ಬರು ಅದನ್ನು ಕ್ಲಾಸಿನಲ್ಲೇ ಆಡಿಬಿಟ್ಟರು. ಹುಡುಗಿಯರು ಅರ್ಜಿಗೂ ಬರಲಿಲ್ಲ. ಅವತ್ತಿನಿಂದ ರಿಜಿಸ್ಟರಿನಲ್ಲಿ ಹೆಸರಿಲ್ಲ, ತಾರೀಖು ಮತ್ತು ಒಂದು ಟಿಕ್ ಮಾತ್ರ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ದಾಖಲೆ ಬೇಕು ಅಂದವರಿಗೂ ಅಷ್ಟೇ ಕೊಡುವುದು. ಸೀನಿಯರ್‌ಗಳು ಪಾಠ, ಅರ್ಜಿ ಎರಡನ್ನೇ ನೋಡುತ್ತಾರೆ, ಮನೆ ವಿಷಯ ಬಂದರೆ ನನ್ನ ಹತ್ತಿರ ಕಳಿಸುತ್ತಾರೆ. ಜೀವಕ್ಕೆ ಅಪಾಯದ ಮಾತು ಬಂದರೆ ಮಾತ್ರ ಗುಟ್ಟು ಇಲ್ಲ, ಮನೆಯವರಿಗೂ ಡಾಕ್ಟರಿಗೂ ಹೇಳುತ್ತೇನೆ. ಹಾಗಂತ ಮೊದಲೇ ಆ ಮಗುವಿಗೆ ಹೇಳಿರುತ್ತೇನೆ.

ಇನ್ನೊಂದು ವಿಷಯ, ಇದು ನನ್ನ ಹುಚ್ಚು. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇತಿಹಾಸ ಓದುತ್ತಿದ್ದ. ಲ್ಯಾಪ್‌ಟಾಪಿಗೆ ಎನ್‌ವಿಡಿಎ, ಅಂದರೆ ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಹಾಕಿಕೊಟ್ಟೆ, ಅದಕ್ಕೆ ಕಾಸಿಲ್ಲ. ನೋಟ್ಸ್ ತೆರೆದರೆ ಅದು ಏನೇನೋ ಇಂಗ್ಲಿಷ್ ಅಕ್ಷರ ಓದಿತು. ನಮ್ಮ ಮೇಷ್ಟ್ರುಗಳ ನೋಟ್ಸೆಲ್ಲ ಹಳೇ ನುಡಿ ಫಾಂಟಿನಲ್ಲಿತ್ತು, ಕಂಪ್ಯೂಟರಿಗೆ ಕನ್ನಡ ಅಂತಲೇ ಗೊತ್ತಾಗುವ ಯೂನಿಕೋಡ್ ಅಲ್ಲ. ಕನ್ವರ್ಟರಿನಲ್ಲಿ ಹಾಕಿದರೆ ಒತ್ತಕ್ಷರ, ಅರ್ಕಾವತ್ತು ಕೆಡುತ್ತಿದ್ದವು. ಕೂತು ಒಂದೊಂದೇ ತಿದ್ದಿದೆವು. ಸ್ಕ್ಯಾನ್ ಮಾಡಿದ ಪುಟಗಳನ್ನು ಗೂಗಲ್ ಡ್ರೈವಿಗೆ ಹಾಕಿ ಡಾಕ್ ಆಗಿ ತೆರೆದರೆ ಕನ್ನಡ ಪಠ್ಯ ಬಹುಪಾಲು ಸರಿಯಾಗಿ ಸಿಗುತ್ತದೆ. ಹೀಗೆ ಆರು ಸೆಮಿಸ್ಟರಿನ ಇತಿಹಾಸ ನೋಟ್ಸ್ ಪೂರ್ತಿ ಮಾಡಿಟ್ಟಿದ್ದೇವೆ. ಈಗ ಕಣ್ಣಿರುವ ಮಕ್ಕಳೂ ಫೋನಿನಲ್ಲಿ ಕೇಳಿಸಿಕೊಂಡು ಬಸ್ಸಿನಲ್ಲಿ ಬರುತ್ತಾರೆ. ಈ ಕೆಲಸ ಯಾವ ಕಾಲೇಜೂ ಮಾಡಬಹುದು, ಫೈಲ್ ಬೇಕಾದವರಿಗೆ ಕೊಡುತ್ತೇನೆ.

ಪರೀಕ್ಷೆ ವಾರ ತಿಂಡಿ ತಿನ್ನದೆ ಬರುವವರಿಗೆ ಬಾಳೆಹಣ್ಣು, ಖಾರ ಮಂಡಕ್ಕಿ ಇಟ್ಟು ನೋಡಿದೆ. ದಿನಕ್ಕೆ 300 ರೂಪಾಯಿ ಬೀಳುತ್ತಿತ್ತು. ಮೊದಲ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ನಿಜವಾಗಿ ಹಸಿದವರಿಗೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಈ ಸಲ ಹಾಲ್ ಟಿಕೆಟ್ ಕೊಡುವಾಗಲೇ ಟೋಕನ್ ಕೊಟ್ಟು ನೋಡುವ ಯೋಚನೆ ಇದೆ.

ಒಟ್ಟು ಖರ್ಚು ಈಗ ತಿಂಗಳಿಗೆ ಏಳೆಂಟು ಸಾವಿರ. ಪ್ರಿಂಟಿಗೆ ಎರಡು ರೂಪಾಯಿ ತೆಗೆದುಕೊಳ್ಳುತ್ತೇವೆ, ಇಂಕು, ಹಾಳೆಗೆ ಅದು ಸಾಕಾಗುತ್ತದೆ. ನಿಂತಿದ್ದ ಸ್ಕಾಲರ್‌ಶಿಪ್ ದುಡ್ಡು ಇದುವರೆಗೆ ಏಳೆಂಟು ಲಕ್ಷವಾದರೂ ಮಕ್ಕಳ ಖಾತೆಗೆ ಬಂದಿರಬೇಕು. ಮೇಲಿನ ಮಹಡಿಗೆ ಬರುತ್ತಿದ್ದ ಸಮಾಲೋಚಕರು ಈಗ ಬುಧವಾರ ಬರುತ್ತಾರೆ, ಅದೇ ಲೈಬ್ರರಿಯಲ್ಲಿ ಕೂರುತ್ತಾರೆ. ನಮ್ಮ ಟೇಬಲ್ಲಿನಿಂದ ಎದ್ದು ಅವರ ಹತ್ತಿರ ಹೋಗಲು ಹತ್ತು ಹೆಜ್ಜೆ. ಅವರ ಬುಧವಾರಗಳು ಈಗ ಖಾಲಿ ಇರುವುದಿಲ್ಲ.

ಶುರು ಮಾಡುವವರು ಸ್ಕಾಲರ್‌ಶಿಪ್ ಅರ್ಜಿ ತೆರೆದಾಗಲೇ ಶುರು ಮಾಡಿ, ಪರೀಕ್ಷೆ ಹತ್ತಿರ ಬಂದಾಗ ಬೇಡ. ಲೈಬ್ರರಿಯವರನ್ನು ಒಪ್ಪಿಸಿ, ಪ್ರಿನ್ಸಿಪಾಲರ ಕೊಠಡಿ ಪಕ್ಕದಲ್ಲಿ ಮಾತ್ರ ಟೇಬಲ್ ಹಾಕಬೇಡಿ. ಮೂರು ಕುರ್ಚಿ ಇರಲಿ, ಮೂರನೆಯದು ಜೊತೆಗೆ ಬರುವ ಗೆಳತಿಗೆ. ಹುಡುಗಿಯರು ಒಬ್ಬರೇ ಬರುವುದು ಮೂರನೆಯ ಸಲದಿಂದ.